ತೊಗರಿ ಕಣಕ್ಕೆ ಹಾರುಬೂದಿಯ ಸಿಮೆಂಟು



ಜೇವರ್ಗಿಯ ಎರೆ ಭೂಮಿಯಲ್ಲಿ ತೊಗರಿ ರಾಶಿಗೆ ಕಾಂಕ್ರೀಟ್ ಕಣ ಮಾಡಿಸುವವರು "ಬೂದಿ ಬೆರೆತ ಸಿಮೆಂಟು ಬೇಡ" ಎನ್ನುವುದುಂಟು. ಇದು ಒಲೆಯ ಬೂದಿಯಲ್ಲ. ಒಲೆಯ ಬೂದಿಯನ್ನು ಕಾಂಕ್ರೀಟಿಗೆ ಎಂದೂ ಹಾಕಬಾರದು. ರಾಯಚೂರಿನ ಶಕ್ತಿನಗರದಂತಹ ವಿದ್ಯುತ್ ಸ್ಥಾವರಗಳಲ್ಲಿ ಕಲ್ಲಿದ್ದಲ ಪುಡಿ ಉರಿದಾಗ ಹೊಗೆಯೊಡನೆ ಹಾರುವ ನುಣುಪಾದ ಬೂದಿಯಿದು. ಪಿ.ಪಿ.ಸಿ. ಎಂದು ಅಚ್ಚಾದ ಸಿಮೆಂಟಿನಲ್ಲಿ ಶೇ. 15ರಿಂದ 35ರಷ್ಟು ಇರುತ್ತದೆ. ಅಷ್ಟರ ಮಟ್ಟಿಗೆ ಸುಣ್ಣಕಲ್ಲು ಸುಡುವುದು ತಪ್ಪುತ್ತದೆ.

ಸಿಮೆಂಟು ನೀರು ಕುಡಿದು ಗಟ್ಟಿಯಾಗುವಾಗ ಸುಣ್ಣ ಬಿಡುತ್ತದೆ. ಬೂದಿಯು ಆ ಸುಣ್ಣದೊಡನೆ ಕೂಡಿ ತಾನೂ ಗಟ್ಟಿಯಾಗುತ್ತದೆ, ಆದರೆ ನಿಧಾನವಾಗಿ. ಮೂರೇ ದಿನ ನೀರುಣಿಸಿ ಬಿಟ್ಟರೆ ಮೇಲ್ಮೈ ಪುಡಿಯೇಳುತ್ತದೆ. ದೂರು ಮಾತ್ರ ಬೂದಿಯ ಮೇಲೆ! ಕನಿಷ್ಠ 10 ದಿನ, ನಮ್ಮ ಬಿಸಿಲಿಗೆ 14 ದಿನ, ಗೋಣಿತಟ್ಟು ಹಾಸಿ ತೇವ ಆರದಂತೆ ನೋಡಿಕೊಳ್ಳಿರಿ. ನೀರಿಲ್ಲದ ಬೇಸಿಗೆಗಿಂತ ದೀಪಾವಳಿಯ ಸುಮಾರಿಗೆ ಕೆಲಸ ಹಿಡಿದರೆ ತೊಗರಿ ಕೊಯ್ಲಿಗೆ ಕಣ ಸಿದ್ಧವಾಗುತ್ತದೆ.

ಇನ್ನು ತಳ. ಎರೆ ಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ. ಯಾವ ಸಿಮೆಂಟೂ ಅದನ್ನು ತಡೆಯದು. ಮೇಲಿನ ಎರೆ ತೆಗೆದು, ಮುರುಮು ತುಂಬಿ, ನೀರು ಹೊಡೆದು ದಮ್ಮಸು ಮಾಡಿಸಿರಿ. ಶಹಾಬಾದ್ ಗಣಿಗಳಲ್ಲಿ ಉಳಿಯುವ ಫರಸಿ ಚೂರುಗಳನ್ನು ಒಡೆದು ಈ ತಳಕ್ಕೆ ಹಾಕಬಹುದು. ಚಪ್ಪಟೆಯಾದ ಕಾರಣ ಕಾಂಕ್ರೀಟಿನ ಜಲ್ಲಿಗೆ ಅವು ಬೇಡ. ಲಾರಿ ಬಾಡಿಗೆಯನ್ನೂ ಮೊದಲೇ ಲೆಕ್ಕ ಹಾಕಿರಿ.