ಡ್ರೋನ್ ಕೊಳ್ಳುವ ಮುಂಚೆ ಎಕರೆ ಎಣಿಸಿ

(ರೈತರ ಅಧ್ಯಯನ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಈಗ ಊರೂರಿಗೂ ಡ್ರೋನ್ ಬರ್ತಾ ಇದೆ. ಮಾರುವವನು ಗಾಡಿಯಲ್ಲಿ ತಂದು, ಶಾಲೆ ಮೈದಾನದಲ್ಲಿ ಬರೀ ನೀರು ತುಂಬಿ ಹಾರಿಸಿ ತೋರಿಸ್ತಾನೆ. ಎಕರೆಗೆ ಹತ್ತು ಲೀಟರ್ ನೀರು, ಹತ್ತು ನಿಮಿಷ ಅಂತಾನೆ. ಅದು ಸುಳ್ಳಲ್ಲ. ಹುಡುಗರು ಚಪ್ಪಾಳೆ ತಟ್ಟುತ್ತಾರೆ. ಆಮೇಲೆ ಚೀಲದಿಂದ ಸಾಲದ ಅರ್ಜಿ ಹೊರಗೆ ಬರುತ್ತೆ. ನಾನು ಮಾತಾಡಬೇಕಾಗಿರುವುದು ಆ ಅರ್ಜಿಯ ವಿಷಯ.

ಯಂತ್ರವೇ ಬೇಡ ಅನ್ನುವ ವಾದ ನನ್ನದಲ್ಲ. ಬೆನ್ನಿಗೆ ಪಂಪು ಕಟ್ಟಿಕೊಂಡು ಔಷಧಿ ಹೊಡೆಯೋದು ಎಂಥ ಕೆಲಸ ಅಂತ ಹೊಡೆದವನಿಗೇ ಗೊತ್ತು. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧಿ ಹೊಡೆಯುತ್ತಾ ವಿಷವೇರಿ ಸುಮಾರು ಇಪ್ಪತ್ತು ಜನ ರೈತರೂ ಕೂಲಿಗಳೂ ಸತ್ತರು. ನಮ್ಮ ಕಲಬುರಗಿ ಕಡೆಯ ತೊಗರಿ ನೋಡಿ. ಹೂವು-ಕಾಯಿ ಹೊತ್ತಿಗೆ ಗಿಡ ಎದೆಮಟ್ಟ ಬಂದು ಸಾಲಿಗೆ ಸಾಲು ಕೂಡಿಕೊಂಡಿರುತ್ತೆ. ಕಾಯಿಕೊರಕಕ್ಕೆ ಹೊಡೆಯಲು ಒಳಗೆ ಹೊಕ್ಕವನ ಮುಖಕ್ಕೇ ಔಷಧಿ. ಅಂಥ ಕಡೆ ಮೇಲಿಂದ ಹೊಡೆಯುವ ಯಂತ್ರ ಬೇಕು. ಕೆಸರುಗದ್ದೆಯ ಭತ್ತಕ್ಕೂ ಆದೀತು.

ಆದರೆ ಅದೇ ಯಂತ್ರವನ್ನು ಮಲೆನಾಡಿಗೆ ಒಯ್ದು ಅಡಿಕೆಯ ಕೊಳೆರೋಗಕ್ಕೆ ಅಂತ ಮಾರಿದರೆ ಕೇಳಬೇಕು. ಬೋರ್ಡೋ ದ್ರಾವಣ ಬೀಳಬೇಕಾದದ್ದು ಗೊನೆಗೆ. ಗೊನೆ ಇರೋದು ಸೋಗೆಯ ಕೆಳಗೆ. ಮೇಲಿಂದ ಹಾರುವ ಯಂತ್ರ ಸೋಗೆ ತೊಳೆದು ಬರುತ್ತೆ, ಅಷ್ಟೆ. ಅಲ್ಲಿಗೆ ನೆಲದ ಮೇಲೆ ನಿಂತು ಹೊಡೆಯುವ ಫೈಬರ್ ದೋಟಿಯೇ ಮೇಲು. ಅದರ ಬೆಲೆಯೂ ಡ್ರೋನಿನ ಹತ್ತಿರಕ್ಕೆ ಬರಲ್ಲ.

ಈಗ ಲೆಕ್ಕಕ್ಕೆ ಬನ್ನಿ. 2022ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮದಂತೆ ಸಣ್ಣ ಹಿಡುವಳಿದಾರರಿಗೆ, ಪರಿಶಿಷ್ಟರಿಗೆ, ಮಹಿಳೆಯರಿಗೆ ಬೆಲೆಯ ಅರ್ಧ, ಹೆಚ್ಚೆಂದರೆ 5 ಲಕ್ಷ. ಉಳಿದ ರೈತರಿಗೆ ಶೇಕಡಾ 40, ಹೆಚ್ಚೆಂದರೆ 4 ಲಕ್ಷ ಸಹಾಯಧನ. ಬ್ಯಾಟರಿ, ಚಾರ್ಜರು, ಜನರೇಟರು ಎಲ್ಲಾ ಸೇರಿ 10 ಲಕ್ಷ ಅಂತಿಟ್ಟುಕೊಳ್ಳಿ. 4 ಲಕ್ಷ ಸರ್ಕಾರದ್ದು, 6 ಲಕ್ಷ ನಿಮ್ಮ ತಲೆ ಮೇಲೆ. ಶೇಕಡಾ 10ರ ಬಡ್ಡಿ, ಐದು ವರ್ಷದ ಕಂತು. ಮೊದಲ ವರ್ಷ ಅಸಲು 1,20,000, ಬಡ್ಡಿ 60,000, ಒಟ್ಟು 1,80,000 ರೂಪಾಯಿ.

ಎಕರೆಗೆ 400 ಬಾಡಿಗೆ ಹಿಡಿಯೋಣ. ಹಾರಿಸುವವನ ಕೂಲಿ, ಜೊತೆಯ ಆಳು, ಗಾಡಿ, ಎಣ್ಣೆ, ಬ್ಯಾಟರಿ ಸವೆತ ಅಂತ 250 ಹೋದರೆ ಕೈಗೆ 150. ಭಾಗಿಸಿ ನೋಡಿ: ವರ್ಷಕ್ಕೆ 1,200 ಎಕರೆ ಹೊಡೆದರೆ ಕಂತು ಮಾತ್ರ ತೀರುತ್ತೆ. ಮನೆಗೆ ಒಂದು ಕಾಸಿಲ್ಲ. ದಿನಕ್ಕೆ 20 ಎಕರೆಯಂತೆ 60 ದಿನದ ಕೆಲಸ. ತೊಗರಿಗೆ ಹುಳ ಬಿದ್ದಾಗ ಎಲ್ಲರ ಹೊಲಕ್ಕೂ ಒಂದೇ ಸಲ ಬೀಳುತ್ತೆ, ಹದಿನೈದಿಪ್ಪತ್ತು ದಿನದಲ್ಲಿ ಹಂಗಾಮು ಮುಗಿಯುತ್ತೆ. ಅದರಲ್ಲೂ ಗಾಳಿ ಇದ್ದ ದಿನ ಹಾರಿಸುವಂತಿಲ್ಲ, ಮಳೆ ಬಂದರೆ ಇಲ್ಲ. ಉಳಿದ ಎಕರೆ ಎಲ್ಲಿಂದ ತರ್ತೀರಿ? ಪಕ್ಕದೂರಿನವನೂ ಸಹಾಯಧನದಲ್ಲಿ ಇನ್ನೊಂದು ತಂದರೆ ಬಾಡಿಗೆ 300ಕ್ಕೆ ಇಳಿಯುತ್ತೆ. ಟ್ರ್ಯಾಕ್ಟರಿನಲ್ಲಿ ಇದನ್ನೆಲ್ಲಾ ಕಂಡಿದ್ದೇವಲ್ಲ!

2023ರ ನವೆಂಬರಿನಲ್ಲಿ ಒಪ್ಪಿಗೆಯಾದ ಡ್ರೋನ್ ದೀದಿ ಯೋಜನೆಯಲ್ಲಿ 15,000 ಮಹಿಳಾ ಸಂಘಗಳಿಗೆ ಶೇಕಡಾ 80ರಂತೆ 8 ಲಕ್ಷದವರೆಗೆ ಕೊಡುವುದಾಗಿ ಹೇಳಿದರು. ಸಂಘಕ್ಕೆ ವರ್ಷಕ್ಕೆ ಒಂದು ಲಕ್ಷವಾದರೂ ಹೆಚ್ಚಿನ ವರಮಾನ ಅಂತಲೂ ಹೇಳಿದರು. ಉಳಿದ 2 ಲಕ್ಷದ ಕಂತು ಕಟ್ಟಿ ಆ ಒಂದು ಲಕ್ಷ ಉಳಿಸಬೇಕಾದರೆ, ಮೇಲಿನ ಲೆಕ್ಕದಲ್ಲೇ, ಅಕ್ಕತಂಗಿಯರು ಸಾವಿರ ಎಕರೆಗೂ ಹೆಚ್ಚು ಹೊಡೆಯಬೇಕು.

ಬಾಡಿಗೆ ಕೊಡುವವನೂ ರೈತನೇ ತಾನೇ. 2025-26ಕ್ಕೆ ತೊಗರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 8,000 ರೂಪಾಯಿ. ಪೇಟೆಯಲ್ಲಿ ಅದಕ್ಕಿಂತ ಕೆಳಗೆ ಮಾರಿದವನು "ಮುಂದಿನ ಸುಗ್ಗಿಗೆ ಕೊಡ್ತೀನಣ್ಣ" ಅಂತಾನೆ. ಬ್ಯಾಂಕು ಹಾಗೆ ಕಾಯಲ್ಲ.

ಇನ್ನೊಂದು ಅಪಾಯ ಇದೆ. ಕೈಪಂಪಿನಲ್ಲಿ ನೂರಾರು ಲೀಟರಿನಲ್ಲಿ ಕರಗುವ ಔಷಧಿ ಇಲ್ಲಿ ಹತ್ತೇ ಲೀಟರಿನಲ್ಲಿ. ಗಟ್ಟಿ ವಿಷ, ಸಣ್ಣ ಹನಿ. ಗಾಳಿ ತಿರುಗಿ ಪಕ್ಕದ ಹಿಪ್ಪುನೇರಳೆ ತೋಟಕ್ಕೆ ಬಿದ್ದರೆ, ಆ ಸೊಪ್ಪು ತಿಂದ ರೇಷ್ಮೆಹುಳು ಉಳಿಯಲ್ಲ. ಆ ನಷ್ಟ ಯಾರ ಲೆಕ್ಕಕ್ಕೆ? ವಿಮೆ ಇದೆಯೇ, ಅದರಲ್ಲಿ ನೆರೆಯವನ ನಷ್ಟವೂ ಸೇರುತ್ತದೆಯೇ, ಬರವಣಿಗೆಯಲ್ಲಿ ಕೇಳಿ. ಹಾರಿಸುವವನಿಗೆ ವಿಮಾನಯಾನ ನಿರ್ದೇಶನಾಲಯ ಒಪ್ಪಿದ ತರಬೇತಿಯ ಪ್ರಮಾಣಪತ್ರ ಇರಲೇಬೇಕು. ಕದ್ದುಮುಚ್ಚಿ ಹಾರಿಸಿದರೆ ಆ ವಿಮೆಯೂ ಕೈಗೆ ಸಿಗಲ್ಲ.

ಹಾಗಾದರೆ ಏನು ಮಾಡೋಣ? ಒಬ್ಬೊಬ್ಬರೇ ಸಾಲಕ್ಕೆ ಕೈ ಹಾಕಬೇಡಿ. 2014-15ರಿಂದ ಹೋಬಳಿಗಳಲ್ಲಿ ಶುರುವಾದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳಿವೆ. ನಿಮ್ಮ ಕೇಂದ್ರದಲ್ಲಿ ಡ್ರೋನ್ ಇದೆಯೇ ವಿಚಾರಿಸಿ, ಇಲ್ಲದಿದ್ದರೆ ತರಿಸಿ ಅಂತ ಗುಂಪಾಗಿ ಹೋಗಿ ಕೂರಿ. ಕೊಳ್ಳಲೇಬೇಕಾದರೆ ನಿಮ್ಮ ಸೊಸೈಟಿ ಕೊಳ್ಳಲಿ, ಅದೂ ನಾಲ್ಕೈದು ಊರಿನವರು ಇಷ್ಟಿಷ್ಟು ಎಕರೆ ಅಂತ ಸಹಿ ಹಾಕಿದ ಮೇಲೆ.

ಪರೀಕ್ಷೆ ಶಾಲೆ ಮೈದಾನದಲ್ಲಿ ಬೇಡ, ನಿಮ್ಮ ಹೊಲದಲ್ಲೇ ಆಗಲಿ. ನೀರಿಗೆ ಬಣ್ಣ ಹಾಕಿಸಿ, ಗಿಡದ ತುದಿಗೊಂದು, ನಡುವಿಗೊಂದು, ಬುಡಕ್ಕೊಂದು ಬಿಳಿ ಕಾಗದ ಕಟ್ಟಿ, ಆಮೇಲೆ ಹಾರಿಸಲು ಹೇಳಿ. ಬುಡದ ಕಾಗದ ಬಿಳಿಯಾಗೇ ಉಳಿದರೆ ಅರ್ಜಿಯನ್ನು ಅವನ ಕೈಗೇ ವಾಪಸು ಕೊಡಿ.