ಎಬ್ಬಿಸಿ ಕಳುಹಿಸುವ ಪೀಠ

ಮಣೆ, ಗದ್ದಿಗೆ, ಪೀಠ, ಆಸನ ಎಂದು ನಮ್ಮ ಭಾಷೆಯಲ್ಲಿ ಎಷ್ಟು ಮಾತುಗಳುಂಟೋ ಅವೆಲ್ಲ ಕುಳಿತವನನ್ನು ನೆಲೆನಿಲ್ಲಿಸತಕ್ಕವು. ಆದರೆ ಕುಳಿತವನನ್ನು ಎತ್ತಿ ಹೊರಕ್ಕೆಸೆಯುವುದಕ್ಕಾಗಿಯೇ ಮಾಡಿದ ಪೀಠವೊಂದುಂಟು. ಅದು ಯುದ್ಧವಿಮಾನದ ಚಾಲಕನ ಪೀಠ. ಅದರ ಅಂಗಾಂಗಗಳು ಹೇಗೆ ಕೆಲಸ ಮಾಡುತ್ತವೆಂಬುದನ್ನು ಇಂದು ನೋಡೋಣ.

ನಮ್ಮ ಉಗರಗೋಳದ ಹಾದಿಯಲ್ಲಿ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿಯ ಎತ್ತುಗಳು ಬೆದರಿ ಓಡಿದರೆ, ಹೊಡೆಯುವವನು ಪಕ್ಕಕ್ಕೆ ಜಿಗಿದು ಪಾರಾಗಬಹುದು. ಹಿಂದಿನ ಕಾಲದ ವಿಮಾನ ಚಾಲಕರೂ ಹೀಗೆಯೇ ಪ್ಯಾರಾಶೂಟ್ ಕಟ್ಟಿಕೊಂಡು ಜಿಗಿಯುತ್ತಿದ್ದರು. ವಿಮಾನದ ವೇಗ ಹೆಚ್ಚಿದಂತೆ ಇದು ಅಸಾಧ್ಯವಾಯಿತು. ಎದುರುಗಾಳಿ ಅವನನ್ನು ಏಳಗೊಡದು. ಎದ್ದು ಹಾರಿದರೂ ವಿಮಾನದ ಬಾಲ ಬಂದು ಬಡಿದೀತು. ಆದುದರಿಂದ ಚಾಲಕನನ್ನು ಪೀಠಸಮೇತ ಆ ಬಾಲಕ್ಕಿಂತ ಎತ್ತರಕ್ಕೆ ಚಿಮ್ಮಿಸುವ ಉಪಾಯ ಹುಟ್ಟಿತು.

ಈ ಕೆಲಸದಲ್ಲಿ ಹೆಸರಾದವರು ಇಂಗ್ಲೆಂಡಿನಲ್ಲಿ ಕಾರ್ಖಾನೆ ನಡೆಸುತ್ತಿದ್ದ ಜೇಮ್ಸ್ ಮಾರ್ಟಿನ್. ಅವರ ಗೆಳೆಯರೂ ಪಾಲುಗಾರರೂ ಆಗಿದ್ದ ವ್ಯಾಲೆಂಟೈನ್ ಬೇಕರ್ 1942ರಲ್ಲಿ ಹೊಸ ವಿಮಾನವೊಂದನ್ನು ಪರೀಕ್ಷಿಸುವಾಗ ಮಡಿದರು. ಆ ನೋವು ಮಾರ್ಟಿನ್ ಅವರ ಮನಸ್ಸನ್ನು ಚಾಲಕರ ಪ್ರಾಣರಕ್ಷಣೆಯ ಕಡೆಗೆ ತಿರುಗಿಸಿತು. 1946ರ ಜುಲೈ 24ರಂದು ಬರ್ನಾರ್ಡ್ ಲಿಂಚ್ ಎಂಬವರು ಹಾರುವ ವಿಮಾನದಿಂದ ಈ ಪೀಠದಲ್ಲಿ ಚಿಮ್ಮಿ, ಕ್ಷೇಮವಾಗಿ ನೆಲಕ್ಕಿಳಿದರು. ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆ ನಿರ್ಮಿಸಿ 1964ರಲ್ಲಿ ಮೊದಲು ಹಾರಿಸಿದ 'ಕಿರಣ್' ತರಬೇತಿ ವಿಮಾನಕ್ಕೂ ಮಾರ್ಟಿನ್-ಬೇಕರ್ ಪೀಠವನ್ನೇ ಹೂಡಿದರು.

ಈ ಮಾದರಿಯ ಪೀಠಕ್ಕೆ ಎರಡು ಹಿಡಿಕೆಗಳು: ತಲೆಯ ಮೇಲೊಂದು, ತೊಡೆಗಳ ನಡುವೆ ಒಂದು. ಮೇಲಿನದನ್ನು ಎಳೆದರೆ ದಪ್ಪ ಬಟ್ಟೆಯೊಂದು ಮುಖಕ್ಕೆ ಮರೆಯಾಗಿ ಇಳಿಯುತ್ತದೆ, ಬೆನ್ನೂ ನೆಟ್ಟಗಾಗುತ್ತದೆ. ಪೀಠದ ಬೆನ್ನಿಗೆ ಒಂದರೊಳಗೊಂದು ಸೇರಿದ ಕೊಳವೆಗಳ ಬಂದೂಕುಂಟು. ಅದರೊಳಗಿನ ಮದ್ದಿನ ತೋಟಾಗಳು ಒಮ್ಮೆಲೇ ಸಿಡಿಯುವುದಿಲ್ಲ. ಒಂದಾದ ಮೇಲೊಂದು ಹೊತ್ತಿಕೊಳ್ಳುತ್ತವೆ. ಎಲ್ಲ ಬಲವೂ ಒಂದೇ ಏಟಿಗೆ ಬಿದ್ದರೆ ಬೆನ್ನುಮೂಳೆ ತಾಳಲಾರದು. ಪೀಠ ಮೇಲೇರುತ್ತಿದ್ದಂತೆ, ವಿಮಾನದ ತಳಕ್ಕೆ ಬಿಗಿದ ಹುರಿಗಳು ಚಾಲಕನ ಕಾಲುಗಳನ್ನು ಹಿಂದಕ್ಕೆ ಸೆಳೆದು ಪೀಠಕ್ಕೆ ಒತ್ತಿ ಹಿಡಿಯುತ್ತವೆ. ಇಲ್ಲವಾದರೆ ಗಾಳಿಯ ಹೊಡೆತಕ್ಕೆ ಅವು ಮುರಿದಾವು.

ಸುಮಾರು ಅರ್ಧ ಸೆಕೆಂಡಿನಲ್ಲಿ ಇನ್ನೊಂದು ಪುಟ್ಟ ಬಂದೂಕು ಹಾರಿ, ಚಿಕ್ಕ ಪ್ಯಾರಾಶೂಟನ್ನು ಹೊರಗೆಳೆಯುತ್ತದೆ. ಉರುಳದಂತೆ ಪೀಠವನ್ನು ನಿಲ್ಲಿಸಿ ಅದರ ವೇಗ ಇಳಿಸುವುದು ಇದರ ಕೆಲಸ. ಆಮೇಲೆ ಗಡಿಯಾರದಂಥ ಯಂತ್ರವೊಂದು ಹೊತ್ತು ನೋಡಿ ಪಟ್ಟಿಗಳನ್ನು ಬಿಚ್ಚುತ್ತದೆ. ದೊಡ್ಡ ಪ್ಯಾರಾಶೂಟ್ ಅರಳುತ್ತದೆ. ಪೀಠ ಕಳಚಿ ಕೆಳಗೆ ಬೀಳುತ್ತದೆ. ತೀರ ಎತ್ತರದಲ್ಲಿ ಚಳಿ ಹೆಚ್ಚು, ಉಸಿರಿಗೆ ಗಾಳಿ ಕಡಿಮೆ. ಅದಕ್ಕಾಗಿ ಗಾಳಿಯ ಒತ್ತಡವನ್ನು ಅಳೆಯುವ ಡಬ್ಬಿಯೊಂದು, ಸುಮಾರು 10,000 ಅಡಿಗೆ ಇಳಿಯುವ ತನಕ ಆ ಯಂತ್ರವನ್ನು ತಡೆದು ನಿಲ್ಲಿಸುತ್ತದೆ. ಅಷ್ಟು ಹೊತ್ತಿನ ಉಸಿರಿಗೆ ಪೀಠದಲ್ಲೇ ಆಮ್ಲಜನಕವಿರುತ್ತದೆ.

ಈ ಹಳೆಯ ಮಾದರಿ ನೆಲಮಟ್ಟದಲ್ಲಿ ಪ್ರಾಣ ಉಳಿಸಬೇಕಾದರೆ ವಿಮಾನ ವೇಗವಾಗಿ ಓಡುತ್ತಿರಬೇಕಿತ್ತು. ಮುಂದೆ ಬಂದ, ನಮ್ಮ 'ತೇಜಸ್' ವಿಮಾನದಲ್ಲಿರುವಂಥ ಪೀಠಗಳಿಗೆ ರಾಕೆಟ್ಟನ್ನೂ ಜೋಡಿಸಿದ್ದಾರೆ. ನಿಂತ ವಿಮಾನದಿಂದಲೂ ಅವು ಚಾಲಕನನ್ನು ಬೇಕಾದಷ್ಟು ಎತ್ತರಕ್ಕೆ ಒಯ್ಯಬಲ್ಲವು. ತಲೆಯ ಮೇಲಿನ ಗಾಜಿನ ಮುಚ್ಚಳವನ್ನು, ಅದಕ್ಕೆ ಅಂಟಿಸಿದ ಸ್ಫೋಟಕದ ಎಳೆಯೇ ಸೀಳಿ ದಾರಿ ಮಾಡುತ್ತದೆ.

ಇಷ್ಟೆಲ್ಲ ಇದ್ದರೂ ಪೀಠ ಸಂಜೀವಿನಿಯಲ್ಲ. 2023ರ ಜೂನ್ 1ರಂದು ಚಾಮರಾಜನಗರ ಜಿಲ್ಲೆಯ ಭೋಗಾಪುರದ ಬಳಿ ಕಿರಣ್ ವಿಮಾನ ಬಿದ್ದಾಗ, ಅದರಲ್ಲಿದ್ದ ಇಬ್ಬರೂ ಚಿಮ್ಮಿ ಬದುಕಿದರು. ಅದೇ ವರ್ಷ ಜನವರಿ 28ರಂದು ಗ್ವಾಲಿಯರಿನಿಂದ ಹೊರಟ ಎರಡು ಯುದ್ಧವಿಮಾನಗಳು ಅಪಘಾತಕ್ಕೀಡಾದವು. ಸುಖೋಯ್ ವಿಮಾನದ ಇಬ್ಬರು ಹೊರಚಿಮ್ಮಿ ಉಳಿದರು. ಮಿರಾಜ್ ವಿಮಾನದಲ್ಲಿದ್ದ ನಮ್ಮ ಬೆಳಗಾವಿಯ ವಿಂಗ್ ಕಮಾಂಡರ್ ಹನುಮಂತರಾವ್ ಸಾರಥಿ ವೀರಮರಣವನ್ನಪ್ಪಿದರು.

ಹಿಡಿಕೆ ಎಳೆದ ಮೇಲಿನದೆಲ್ಲ ಯಂತ್ರದ ಪಾಲು. ಎಳೆಯುವುದು ಮನುಷ್ಯನ ಪಾಲು. ವಿಮಾನ ಕೆಳಮುಖವಾಗಿ ಧಾವಿಸುತ್ತಿದ್ದರೆ, ಪೀಠ ಏರುವ ವೇಗವನ್ನು ಆ ಇಳಿತವೇ ನುಂಗಿಬಿಡುತ್ತದೆ. ಮಗುಚಿದ್ದರಂತೂ ಪೀಠ ನೆಲದತ್ತಲೇ ಚಿಮ್ಮೀತು. ಕೆಳಗೆ ಊರು ಕಂಡು, ವಿಮಾನವನ್ನು ಬಯಲಿಗೆ ತಿರುಗಿಸೋಣವೆಂದು ಚಾಲಕನು ತಡೆದರೆ, ಆ ತಡೆದ ಒಂದೊಂದು ಕ್ಷಣವೂ ಅವನ ಆಯುಷ್ಯದ ಲೆಕ್ಕದಿಂದಲೇ ಕಳೆಯುವುದು. ಪಾರಾದವರಲ್ಲಿಯೂ ಅನೇಕರಿಗೆ ಬೆನ್ನಿನ ಪೆಟ್ಟು ತಪ್ಪುವುದಿಲ್ಲ.

ವಾರ್ತೆಯಲ್ಲಿ 'ವಿಮಾನ ಬಿದ್ದಿತು, ಚಾಲಕರು ಸುರಕ್ಷಿತ' ಎಂಬ ಮಾತು ಕೇಳಿದಾಗ ನಾವು ನೆಮ್ಮದಿಯಿಂದ ಉಸಿರು ಬಿಡುತ್ತೇವೆ. ಆ ಒಂದು ಮಾತಿನ ಹಿಂದೆ ಹುರಿ, ತೋಟಾ, ಗಡಿಯಾರಗಳನ್ನು ತಪ್ಪದೆ ಜೋಡಿಸಿಟ್ಟ ಕೆಲಸಗಾರರ ಕೈಗಳಿವೆ. ಸಕಾಲದಲ್ಲಿ ಹಿಡಿಕೆ ಎಳೆದ ಕೈಯೂ ಇದೆ. ಇವೆರಡೂ ಕೂಡಿದರೆ ಮಾತ್ರ ಮನೆಗೊಬ್ಬ ಮಗನೋ ಮಗಳೋ ಮರಳಿ ಬರುತ್ತಾರೆ.