ಮೂವತ್ತೊಂದಾಣೆಯ ಲೆಕ್ಕ
(ಪದವಿ ಪ್ರದಾನ ಸಮಾರಂಭದಲ್ಲಿ ವಿದ್ಯಾರ್ಥಿಗಳ ಪರವಾಗಿ ಮಾಡಿದ ಭಾಷಣ)

ವಾರದ ರಜೆಯಲ್ಲೂ ನಿದ್ದೆಗಣ್ಣಲ್ಲೇ ಟ್ಯೂಬ್ ಹತ್ತಿ ಬಂದು ಕನ್ನಡ ಕಲಿತ ಗೆಳೆಯ ಗೆಳತಿಯರೇ,

ನಾನು ಎ-ಲೆವೆಲ್‌ನಲ್ಲಿ ಗಣಿತ ಓದುತ್ತಿದ್ದೇನೆ. ಅದಕ್ಕೇ ಇವತ್ತು ಒಂದೇ ಒಂದು ಸಂಖ್ಯೆಯ ಬಗ್ಗೆ ಮಾತಾಡುತ್ತೇನೆ: 31. ಹೆದರಬೇಡಿ, ಕೊನೆಯಲ್ಲಿ ಪರೀಕ್ಷೆ ಇಲ್ಲ.

ಎರಡು ವರ್ಷದ ಹಿಂದೆ ರಜೆಯಲ್ಲಿ ತೀರ್ಥಹಳ್ಳಿಯ ಅಜ್ಜಿಮನೆಗೆ ಹೋಗಿದ್ದೆವು. ಅಟ್ಟ ಗುಡಿಸುವಾಗ ಮುತ್ತಜ್ಜನ ಅಂಗಡಿಯ ಲೆಕ್ಕದ ಪುಸ್ತಕ ಸಿಕ್ಕಿತು. ಬಚ್ಚಲ ಒಲೆಗೆ ಹಾಕುವ ರಾಶಿಯಲ್ಲಿತ್ತು. ಒಳಗೆಲ್ಲ ಕನ್ನಡ ಅಂಕಿಗಳು. ಬೆಂಗಳೂರಿನಿಂದ ಬಂದಿದ್ದ ಅಣ್ಣ ಅಕ್ಕಂದಿರು ಓದಲು ತಡವರಿಸಿದರು. ಇಲ್ಲಿ ಕಲಿತಿದ್ದ ನಾನು ಜೋರಾಗಿ ಓದಿದೆ: ‘೧-೧೫-೦, ಒಂದು ರೂಪಾಯಿ ಹದಿನೈದು ಪೈಸೆ!’

ಅಜ್ಜಿ ನಕ್ಕರು. ‘ಪೈಸೆ ಅಲ್ಲ ಮಗಾ, ಆಣೆ. ರೂಪಾಯಿಗೆ ಹದಿನಾರಾಣೆ. ಒಟ್ಟು ಮೂವತ್ತೊಂದಾಣೆ.’

ಭಾರತಕ್ಕೆ ನಯಾಪೈಸೆ ಬಂದದ್ದು 1957ರ ಏಪ್ರಿಲ್ 1ರಂದು. ಅಲ್ಲಿಯವರೆಗೆ ನಮ್ಮ ಹಿರಿಯರು ಹದಿನಾರರ ಗುಂಪುಗಳಲ್ಲಿ ಲೆಕ್ಕ ಹಾಕುತ್ತಿದ್ದರು. ಈ ಲಂಡನ್ನಿನಲ್ಲೂ 1971ರ ಫೆಬ್ರವರಿ 15ರವರೆಗೆ ಶಿಲ್ಲಿಂಗಿಗೆ ಹನ್ನೆರಡು ಪೆನ್ನಿ. 31 ಪೆನ್ನಿ ಎಂದರೆ 2 ಶಿಲ್ಲಿಂಗ್ 7 ಪೆನ್ನಿ. ಹನ್ನೆರಡರ ಆಧಾರದಲ್ಲಿ 31ನ್ನು ಬರೆದರೆ ಅದು 27!

27 ನೋಡಿದ ಕೂಡಲೇ ಮೂರರಿಂದ ಭಾಗಿಸಬಹುದು ಎನ್ನಿಸುತ್ತದೆ. ಆದರೆ ಅಂಕಿಗಳನ್ನು ಕೂಡಿಸಿ ನೋಡುವ ಆ ಉಪಾಯ ಹತ್ತರ ಆಧಾರದ್ದು. ಹನ್ನೆರಡರಲ್ಲಿ ಕೊನೆಯ ಅಂಕಿಯನ್ನಷ್ಟೇ ನೋಡಬೇಕು: 7, ಮೂರರಿಂದ ಭಾಗವಾಗದು. 31 ಅವಿಭಾಜ್ಯ ಸಂಖ್ಯೆ. ರೂಪಾಯಿಯಲ್ಲಿ ಬರೆಯಿರಿ, ಶಿಲ್ಲಿಂಗಿನಲ್ಲಿ ಬರೆಯಿರಿ, ಮೂವತ್ತೊಂದಾಣೆಯನ್ನು ಒಡೆಯದೆ ಇಬ್ಬರಿಗೋ ಐವರಿಗೋ ಸಮನಾಗಿ ಹಂಚಲಾಗದು. ಇದು ಹದಿನಾರಾಣೆ ಸತ್ಯ.

ಬರಹ ಬದಲಾದಾಗ ಹೊಸ ಚೆಲುವೂ ಕಾಣುತ್ತದೆ. ಎರಡರ ಆಧಾರದಲ್ಲಿ 31 ಎಂದರೆ 11111. ಐದರ ಆಧಾರದಲ್ಲಿ 111. ಹೀಗೆ ಎರಡು ಬೇರೆ ಆಧಾರಗಳಲ್ಲಿ, ಕನಿಷ್ಠ ಮೂರು ಅಂಕಿಗಳಿದ್ದು, ಬರೀ ಒಂದುಗಳಿಂದಲೇ ಬರೆಯಬಹುದಾದ ಸಂಖ್ಯೆಗಳು ಈವರೆಗೆ ಗೊತ್ತಿರುವುದು ಎರಡೇ. ಇನ್ನೊಂದು 8191: ಎರಡರ ಆಧಾರದಲ್ಲಿ ಹದಿಮೂರು ಒಂದುಗಳು, ತೊಂಬತ್ತರ ಆಧಾರದಲ್ಲಿ 111. ಅದೂ ಅವಿಭಾಜ್ಯವೇ. ಮೂರನೆಯದು ಇಲ್ಲವೆಂದು ಇನ್ನೂ ಯಾರೂ ಸಾಧಿಸಿಲ್ಲ. ಚಿಣ್ಣರ ತರಗತಿಯವರೇ, ಆ ಕೆಲಸ ನಿಮಗಾಗಿ ಕಾದಿದೆ!

ಹನ್ನೆರಡನೆಯ ವಯಸ್ಸಿನಲ್ಲಿ ನಾನು ಒಂದು ವರ್ಷ ಈ ತರಗತಿ ಬಿಟ್ಟಿದ್ದೆ. ಹೊರಗೆ ಒಬ್ಬ, ಮನೆಯಲ್ಲಿ ಇನ್ನೊಬ್ಬ. ಇವರಲ್ಲಿ ನಿಜವಾದ ನಾನು ಯಾರು ಎಂದು ತಿಳಿಯದೆ ಸಿಟ್ಟು ಬರುತ್ತಿತ್ತು. ಅಮ್ಮ ಬಯ್ಯಲಿಲ್ಲ, ಕಾದರು. ಈಗ ಆ ಪ್ರಶ್ನೆಯೇ ತಪ್ಪು ಎನ್ನಿಸುತ್ತದೆ. 27 ನಿಜವೋ 31 ನಿಜವೋ ಎಂದು ಯಾರಾದರೂ ಕೇಳುತ್ತಾರೆಯೇ?

ಅಜ್ಜಿ ಈ ವರ್ಷ ಯುಗಾದಿಗೆ ಮುಂಚೆ ತೀರಿಕೊಂಡರು. ಲೆಕ್ಕದ ಪುಸ್ತಕ ಈಗ ನನ್ನ ಮೇಜಿನ ಮೇಲಿದೆ. ಅರ್ಧ ಓದಿದ್ದೇನೆ. ಅರ್ಥವಾಗದ ಪದ ಬಂದರೆ ಫೋನ್ ಮಾಡಿ ಕೇಳಲು ಅವರಿಲ್ಲ. ಆದರೆ ಅಂಕಿಗಳು ಓದಲು ಬರುತ್ತವೆ. ಅವನ್ನು ಕಲಿಸಿಕೊಟ್ಟ ಗುರುಗಳಿಗೆ ನಾನು ಋಣಿ.

ಮುಂದಿನ ವರ್ಷ ಚಿಣ್ಣರಿಗೆ ೧ರಿಂದ ೧೦೦ ಕಲಿಸಲು ನಾನೇ ಬರುತ್ತೇನೆ. ೩೧ಕ್ಕೆ ಬಂದಾಗ ಸ್ವಲ್ಪ ತಡವಾದೀತು, ಕ್ಷಮಿಸಿ.

ಸಿರಿಗನ್ನಡಂ ಗೆಲ್ಗೆ.